ಅತ್ತೆ ತಾವೇ ಏಳಲಿ, ನೀವು ಪಕ್ಕದಲ್ಲಿ ನಿಲ್ಲಿ

ಪ್ರಶ್ನೆ: ನನ್ನ ಅತ್ತೆಗೆ 81 ವರ್ಷ. ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ನಮ್ಮ ಮನೆ, ಸ್ವಲ್ಪ ಅಡಕೆ ತೋಟ ಇದೆ. ಕಳೆದ ವರ್ಷ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಅಂಗಳದ ಪಾಚಿಯಲ್ಲಿ ಜಾರಿ ಬಿದ್ದರು. ಎಕ್ಸ್‌ರೇ ತೆಗೆಸಿದೆವು, ಎಲುಬು ಮುರಿದಿರಲಿಲ್ಲ. ಸ್ವಲ್ಪ ರೆಸ್ಟ್ ಮಾಡಲಿ ಎಂದರು ಡಾಕ್ಟರು. ಅಂದಿನಿಂದ ಅತ್ತೆಯನ್ನು ಒಂದು ಕೆಲಸಕ್ಕೂ ಬಿಟ್ಟಿಲ್ಲ. ಊಟ, ಕಾಫಿ ಎಲ್ಲ ಮಂಚದ ಹತ್ತಿರವೇ ಕೊಡುತ್ತೇವೆ. ಹಗಲು ಒಬ್ಬರು ಹೋಂ ನರ್ಸ್ ಇದ್ದಾರೆ. ಆದರೂ ಮೊದಲು ತಾವೇ ಹೋಗಿ ತುಳಸಿಕಟ್ಟೆಗೆ ನೀರು ಹಾಕುತ್ತಿದ್ದವರಿಗೆ ಈಗ ಬಚ್ಚಲಿಗೆ ಹೋಗಲು ಇಬ್ಬರು ಹಿಡಿಯಬೇಕು. ನೋವಿಲ್ಲ ಎನ್ನುತ್ತಾರೆ. ಇದು ಪ್ರಾಯದ್ದೇ, ಅಥವಾ ನಾವು ನೋಡಿಕೊಳ್ಳುವುದರಲ್ಲಿ ಏನಾದರೂ ಕಡಿಮೆಯಾಯಿತಾ?

ಉತ್ತರ: ಕಡಿಮೆಯಾಗಲಿಲ್ಲಮ್ಮ, ಜಾಸ್ತಿಯಾಯಿತು. ಬೇಸರ ಮಾಡಿಕೊಳ್ಳಬೇಡಿ. ಈ ತರಹದ ತೊಂದರೆಯನ್ನು ನಾನು ಹೆಚ್ಚಾಗಿ ಕಂಡಿರುವುದು ಹಿರಿಯರ ಮೇಲೆ ಪ್ರೀತಿ ಇರುವ ಮನೆಗಳಲ್ಲೇ. ಪ್ರಾಯದ ಪಾಲು ಇಲ್ಲವೆನ್ನುವುದಿಲ್ಲ. ಆದರೆ ತುಳಸಿಕಟ್ಟೆಗೆ ನೀರು ಹಾಕುತ್ತಿದ್ದವರನ್ನು ಏಳೆಂಟು ತಿಂಗಳಲ್ಲಿ ಮಂಚಕ್ಕೆ ತಂದು ಕೂರಿಸುವಷ್ಟು ಅವಸರ ಪ್ರಾಯಕ್ಕೆ ಇರುವುದಿಲ್ಲ. ಅಷ್ಟು ಬೇಗ ಇಳಿದರೆ ಒಂದೋ ಒಳಗೆ ಬೇರೆ ಕಾಯಿಲೆ ಇದೆ, ಇಲ್ಲವೇ ಇಷ್ಟು ದಿನ ಕಾಲಿಗೆ ಕೆಲಸವೇ ಇರಲಿಲ್ಲ. ಕಾಯಿಲೆಯ ವಿಷಯ ಆಮೇಲೆ ಹೇಳುತ್ತೇನೆ. ನಿಮ್ಮ ಪತ್ರದಲ್ಲಿ ನನಗೆ ಎದ್ದು ಕಂಡದ್ದು ಎರಡನೆಯದು. "ಒಂದು ಕೆಲಸಕ್ಕೂ ಬಿಟ್ಟಿಲ್ಲ" ಎಂದು ನೀವೇ ಬರೆದಿದ್ದೀರಿ.

ನಾನು ಫಿಸಿಯೋಥೆರಪಿಸ್ಟ್. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಮನೆಗಳಿಗೆ ಹೋಗಿ ನೋಡುತ್ತೇನೆ. ಎಷ್ಟೋ ಮನೆಗಳಲ್ಲಿ ನಾನು ಒಳಗೆ ಕಾಲಿಟ್ಟ ಕೂಡಲೇ ನಡೆಯುವುದು ಒಂದೇ. "ಅಮ್ಮ, ಡಾಕ್ಟರು ಬಂದಿದ್ದಾರೆ, ಏಳಿ" ಎನ್ನುತ್ತಾರೆ. ಅಜ್ಜಿ ಒಂದು ಕೈಯನ್ನು ಮಂಚದ ಅಂಚಿಗೆ ಊರುತ್ತಾರೆ. ಇನ್ನೊಂದು ಕೈಯಲ್ಲಿ ಸೀರೆಯ ನೆರಿಗೆ ಸರಿಮಾಡುತ್ತಾರೆ. ಒಂದು ಕಾಲನ್ನು ನಿಧಾನಕ್ಕೆ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಇಷ್ಟಕ್ಕೆ ಮೂರು ನಾಲ್ಕು ಸೆಕೆಂಡು ಹೋಗಿರುತ್ತದೆ. ಅಷ್ಟರಲ್ಲಿ ಮಗ ಒಂದು ಕಂಕುಳಿಗೆ, ಸೊಸೆ ಇನ್ನೊಂದು ಕಂಕುಳಿಗೆ ಕೈ ಹಾಕಿ ಎತ್ತಿಬಿಡುತ್ತಾರೆ. ಅಜ್ಜಿ ನಿಂತರು, ನಿಜ. ಆದರೆ ಅವರ ಕಾಲು ಏನೂ ಮಾಡಲಿಲ್ಲ. ಮಂಚಕ್ಕೆ ಊರಿದ್ದ ಕೈ ಸುಮ್ನೆ ಗಾಳಿಯಲ್ಲಿ ಉಳಿಯಿತು. ದಿನಕ್ಕೆ ಹತ್ತು ಸಲ, ತಿಂಗಳುಗಟ್ಟಲೆ ಹೀಗೇ ನಡೆದರೆ ಒಂದು ದಿನ ಅವರು ಕೈ ಊರುವುದನ್ನೇ ಬಿಡುತ್ತಾರೆ. ಎರಡೂ ತೋಳು ಅಗಲಿಸಿ, ಯಾರಾದರೂ ಎತ್ತಲಿ ಎಂದು ಕಾಯುತ್ತಾರೆ. ಆಗ ಮನೆಯವರು, "ನೋಡಿ, ಈಗ ಏಳುವುದಕ್ಕೇ ಆಗುವುದಿಲ್ಲ" ಎನ್ನುತ್ತಾರೆ.

ಮಾರ್ಗ್ರೆಟ್ ಬಾಲ್ಟಸ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞೆ ವೃದ್ಧಾಶ್ರಮಗಳಲ್ಲಿ ಕೂತು ಇದನ್ನೇ ವರ್ಷಗಟ್ಟಲೆ ಗಮನಿಸಿದವರು. ಹಿರಿಯರು ಕೈಲಾಗದವರಂತೆ ಕೂತರೆ ಎಲ್ಲರೂ ಓಡಿ ಬರುತ್ತಾರೆ, ತಮ್ಮ ಕೆಲಸ ತಾವೇ ಮಾಡಿಕೊಂಡರೆ ಯಾರೂ ತಿರುಗಿ ನೋಡುವುದಿಲ್ಲ ಎಂಬುದು ಅವರು ಕಂಡ ಸಂಗತಿ. ನಮ್ಮ ಮನೆಗಳಲ್ಲೂ ಹಾಗೇ ಅಲ್ವಾ? ಅತ್ತೆ ಸುಸ್ತು ಎಂದರೆ ಮೂರು ಜನ ಹತ್ತಿರ ಬಂದು ಕೂರುತ್ತೇವೆ. ಅವರೇ ಲೋಟ ತೊಳೆದಿಟ್ಟ ದಿನ "ನೀವು ಯಾಕೆ ಎದ್ದದ್ದು?" ಎಂದು ಗದರುತ್ತೇವೆ.

ಕಾಲಿನ ಕಡೆಯಿಂದ ನೋಡಿದರೆ ಲೆಕ್ಕ ಇನ್ನೂ ಕಠಿಣ. 2007ರಲ್ಲಿ ಅಮೆರಿಕದಲ್ಲಿ ಒಂದು ಪ್ರಯೋಗ ಪ್ರಕಟವಾಯಿತು. ಸರಾಸರಿ 67 ವರ್ಷದ, ಯಾವ ಕಾಯಿಲೆಯೂ ಇಲ್ಲದ ಕೆಲವರನ್ನು 10 ದಿನ ಹಾಸಿಗೆಯಲ್ಲೇ ಇರಿಸಿದರು. ಹತ್ತೇ ದಿನಕ್ಕೆ ಅವರ ಕಾಲುಗಳಿಂದ ಸುಮಾರು 1 ಕಿಲೋದಷ್ಟು ಮಾಂಸ ಕರಗಿತ್ತು. ಅವರು ಗಟ್ಟಿಮುಟ್ಟಾಗಿದ್ದವರು. ನಿಮ್ಮ ಅತ್ತೆಗೆ 81, ಮಂಚ ಹಿಡಿದು ಏಳೆಂಟು ತಿಂಗಳಾಗಿದೆ. ಈಗ ಅವರ ತೊಡೆಯನ್ನು ಒಮ್ಮೆ ಮುಟ್ಟಿ ನೋಡಿ, ಸೀರೆಯ ಮೇಲಿಂದಲೇ ಗೊತ್ತಾಗುತ್ತದೆ.

ಡಾಕ್ಟರು ಹೇಳಿದ "ರೆಸ್ಟ್" ಎಂಬ ಮಾತಿಗೆ ನಮ್ಮ ಕಡೆ ಕೊನೆಯ ದಿನವೇ ಇರುವುದಿಲ್ಲ. ಅವರು ಹೇಳಿದ್ದು ನೋವು ಇಳಿಯುವವರೆಗೆ, ಒಂದೆರಡು ವಾರದ ಮಾತು ಇರಬೇಕು. ಮನೆಯವರು ಅದನ್ನು ಮತ್ತೆ ಕೇಳುವುದಿಲ್ಲ, ಅವರೂ ನೆನಪಿಸುವುದಿಲ್ಲ. ಸೊಂಟದ ಎಲುಬು ಮುರಿದು ಆಪರೇಷನ್ ಆದವರನ್ನೂ ಈಗ ಹೆಚ್ಚಾಗಿ ಮರುದಿನವೇ ನಿಲ್ಲಿಸುತ್ತಾರೆ. ಎಲುಬು ಮುರಿಯದ ನಿಮ್ಮ ಅತ್ತೆ ಮಾತ್ರ ಇನ್ನೂ ರೆಸ್ಟಿನಲ್ಲಿದ್ದಾರೆ.

ನನ್ನ ಮನೆಯಲ್ಲೂ ಇದು ನಡೆದಿದೆ, ಅದನ್ನು ಹೇಳದೆ ನಿಮಗೆ ಬುದ್ಧಿ ಹೇಳುವುದು ಸರಿಯಲ್ಲ. ನನ್ನ ಅಜ್ಜಿ ದಿನಾ ಬೆಳಗ್ಗೆ ಬಸಳೆ ಚಪ್ಪರಕ್ಕೆ ಹೋಗುತ್ತಿದ್ದರು. ಬಗ್ಗಿ ಬುಡಕ್ಕೆ ನೀರು, ಕೈ ಎತ್ತಿ ಬಳ್ಳಿ ಚಿವುಟುವುದು, ಮಡಿಲಲ್ಲಿ ಸೊಪ್ಪು ಹಿಡಿದು ನಾಲ್ಕು ಮೆಟ್ಟಿಲು ಹತ್ತಿ ಬರುವುದು. ಒಮ್ಮೆ ಅಲ್ಲಿ ಮುಗ್ಗರಿಸಿದರು. ಏನೂ ಆಗಲಿಲ್ಲ, ಮೊಣಕೈ ತರಚಿತು. ನಾವು ಮೊಮ್ಮಕ್ಕಳು ಸೇರಿ ಚಪ್ಪರದ ಕೆಲಸವನ್ನು ಅವರ ಕೈಯಿಂದ ತೆಗೆದುಬಿಟ್ಟೆವು. ನಾನು ಆಗ ಮಂಗಳೂರಿನಲ್ಲಿ ಇದೇ ವಿದ್ಯೆ ಕಲಿಯುತ್ತಿದ್ದೆ! ಮುಂದಿನ ರಜೆಗೆ ಬಂದಾಗ ಅಜ್ಜಿ ಜಗಲಿಯ ಮೆಟ್ಟಿಲು ಇಳಿಯಲು ಹೆದರುತ್ತಿದ್ದರು. ಅದರ ಮುಂದಿನ ರಜೆಗೆ ಜಗಲಿಗೂ ಬರುತ್ತಿರಲಿಲ್ಲ. ಆ ಚಪ್ಪರ ಅವರ ವ್ಯಾಯಾಮಶಾಲೆಯಾಗಿತ್ತು ಎಂದು ನನಗೆ ಹೊಳೆದದ್ದು ಬಹಳ ತಡವಾಗಿ.

ಬಿದ್ದವರಿಗೆ ಹೆದರಿಕೆ ಕೂತುಬಿಡುತ್ತದೆ. 1982ರಲ್ಲಿ ಬ್ರಿಟನ್ನಿನ ಇಬ್ಬರು ವೈದ್ಯರು ಇದಕ್ಕೆ "ಬಿದ್ದ ನಂತರದ ಲಕ್ಷಣಕೂಟ" ಎಂಬ ಅರ್ಥದ ಹೆಸರನ್ನೇ ಕೊಟ್ಟರು. ಏಟು ವಾಸಿಯಾದರೂ ನಡೆಯುವಾಗ ಗೋಡೆ, ಬಾಗಿಲು, ಸಿಕ್ಕಿದವರ ಕೈ ಗಬಕ್ಕನೆ ಹಿಡಿದುಕೊಳ್ಳುತ್ತಾರೆ. ಈ ಹೆದರಿಕೆ ಅತ್ತೆಗೆ ಮಾತ್ರ ಅಂಟಿಲ್ಲ, ನಿಮಗೂ ಅಂಟಿದೆ. ಅವರು ಎರಡು ಹೆಜ್ಜೆ ಇಟ್ಟರೆ "ಜಾಗ್ರತೆ, ಜಾಗ್ರತೆ, ಬೀಳ್ತೀರಿ" ಎಂಬ ಮಾತು ಹಿಂದಿನಿಂದ ಬರುತ್ತದೆ ಅಲ್ವಾ? ನಡಿಗೆ ಗಟ್ಟಿಯಿಲ್ಲದವರಿಗೆ ನಡೆಯುತ್ತಾ ಮಾತು ಕೇಳಿಸಿಕೊಳ್ಳುವುದೂ ಒಂದು ಹೊರೆ. ತಿರುಗಿ ನೋಡುತ್ತಾರೆ, ಆಯ ತಪ್ಪುತ್ತದೆ. ಹೇಳುವುದನ್ನು ಹೊರಡುವ ಮೊದಲೇ ಹೇಳಿ. "ಹೊಸ್ತಿಲು ದಾಟಿ ಬಲಕ್ಕೆ ಹೋಗುವ" ಎಂದರೆ ಸಾಕು. ಆಮೇಲೆ ಬಾಯಿ ಮುಚ್ಚಿ ಜೊತೆಗೆ ನಡೆಯಿರಿ.

ಇನ್ನು ಊರವರ ಬಾಯಿ. ಇದನ್ನು ನೀವು ಬರೆದಿಲ್ಲ, ಆದರೆ ಸೊಸೆಯಾದವರಿಗೆ ಇದರ ಭಾರ ಎಷ್ಟು ಎಂದು ನನಗೆ ಗೊತ್ತು. ಅತ್ತೆ ತರಕಾರಿ ಹೆಚ್ಚುವುದನ್ನು ಯಾರಾದರೂ ಕಂಡರೆ "ಈ ಪ್ರಾಯದಲ್ಲಿ ಅವರಿಂದ ಕೆಲಸ ಮಾಡಿಸುತ್ತಾಳೆ" ಎನ್ನುತ್ತಾರೆ. ದುಬೈಯಲ್ಲೋ ಬೆಂಗಳೂರಿನಲ್ಲೋ ಇರುವ ಮಗ ವಿಡಿಯೋ ಕಾಲ್ ಮಾಡಿ, "ಅಮ್ಮನನ್ನು ಏಳಿಸಬೇಡಿ, ಹೋಂ ನರ್ಸ್ ಇದ್ದಾರಲ್ಲ" ಎನ್ನುತ್ತಾನೆ. ಅಮ್ಮ ಬಿದ್ದರೆ ಮಾತು ಬರುವುದು ಹತ್ತಿರ ಇದ್ದವರಿಗೆ. ಅಮ್ಮನ ಕಾಲು ಬತ್ತಿದರೆ ಯಾರಿಗೂ ಮಾತು ಬರುವುದಿಲ್ಲ, ಅದು ಪ್ರಾಯದ ಲೆಕ್ಕಕ್ಕೆ ಹೋಗುತ್ತದೆ. ಹಾಗಾಗಿ ಹತ್ತಿರ ಇದ್ದವರು ಹಿಡಿದೇ ಇರುತ್ತಾರೆ. ನೀವು ಒಂದು ಕೆಲಸ ಮಾಡಿ. ಮನೆಯವರನ್ನೆಲ್ಲ ಒಮ್ಮೆ ಸೇರಿಸಿ, ದೂರ ಇದ್ದವರನ್ನು ಫೋನಿನಲ್ಲಿ ಕೂರಿಸಿ, ಈ ಉತ್ತರವನ್ನು ಓದಿಹೇಳಿ. ಅತ್ತೆಯನ್ನು ಇನ್ನು ಮುಂದೆ ನಡೆಸುವುದು ಫಿಸಿಯೋಥೆರಪಿಸ್ಟ್ ಹೇಳಿದ ಚಿಕಿತ್ಸೆ ಎಂದು ಎಲ್ಲರಿಗೂ ಗೊತ್ತಿರಲಿ. ಆ ಮಾತು ನಿಮ್ಮೊಬ್ಬರ ತಲೆಯ ಮೇಲೆ ಬೀಳಬಾರದು.

ಹೋಂ ನರ್ಸಿನ ಜೊತೆ ಬೇರೆಯಾಗಿಯೇ ಮಾತಾಡಿ. ಬೀಳದ ಹಾಗೆ ನೋಡಿಕೊಳ್ಳಲು ಸಂಬಳ ಎಂದು ಅವರು ತಿಳಿದಿರುತ್ತಾರೆ, ಹಾಗಾಗಿ ಎತ್ತುವುದೇ ಸುರಕ್ಷಿತ ಎಂದು ಕಾಣುತ್ತದೆ. ನಮ್ಮ ಕಡೆ ಇನ್ನೊಂದು ತೊಡಕೂ ಇದೆ. ಹೋಂ ನರ್ಸ್ ತೆಂಕಣ ಜಿಲ್ಲೆಗಳಿಂದ ಬಂದ ಮಲಯಾಳಿ, ಅಜ್ಜಿಗೆ ತುಳು, ಕನ್ನಡ ಬಿಟ್ಟರೆ ಬೇರೆ ಬಾರದು. ಮಾತು ನಡೆಯದ ಕಡೆ ಕೈ ನಡೆಯುತ್ತದೆ. "ಏಳಿ" ಎಂದು ಹೇಳಿ ಕಾಯುವ ಬದಲು ಎತ್ತಿ ಕೂರಿಸಿ, ಎತ್ತಿ ನಿಲ್ಲಿಸಿ ಕೆಲಸ ಮುಗಿಸುತ್ತಾರೆ. ಒಂದು ಮನೆಯಲ್ಲಿ ನಾನು ಮಾಡಿದ ಮೊದಲ ಚಿಕಿತ್ಸೆ ಎಂದರೆ ಹೋಂ ನರ್ಸಿಗೆ ಮುಂದೆ ಬನ್ನಿ, ಏಳಿ, ನಿಲ್ಲಿ, ಕೂತುಕೊಳ್ಳಿ ಎಂದು ನಾಲ್ಕು ಕನ್ನಡ ಮಾತು ಕಲಿಸಿದ್ದು. ಒಂದು ಚೀಟಿಯಲ್ಲಿ ಮಲಯಾಳ ಅಕ್ಷರದಲ್ಲಿ ಬರೆದು ಮಂಚದ ತಲೆಯ ಹತ್ತಿರ ಅಂಟಿಸಿದೆವು. ಎರಡು ವಾರದಲ್ಲಿ ಅಜ್ಜಿ ಅವರ ಮಾತಿಗೆ ತಾವೇ ಏಳುತ್ತಿದ್ದರು.

ಈಗ ಏನು ಮಾಡಬೇಕು ಎಂಬುದಕ್ಕೆ ಬರುತ್ತೇನೆ. ಮೊದಲು ಒಮ್ಮೆ ಡಾಕ್ಟರಿಗೆ ತೋರಿಸಿ, ಸುಮ್ನೆ ನಡೆಸಲು ಶುರು ಮಾಡಬೇಡಿ. ಮಲಗಿದಾಗ ಒಮ್ಮೆ, ಎದ್ದು ನಿಂತು ಮೂರು ನಿಮಿಷದೊಳಗೆ ಇನ್ನೊಮ್ಮೆ ಬಿಪಿ ನೋಡಲು ಹೇಳಿ. ನಿಂತಾಗ ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ತಲೆ ತಿರುಗಿ ಬೀಳುವ ಸಂಭವ ಇದೆ, ಬಿಪಿ ಮಾತ್ರೆ, ಮೂತ್ರದ ಮಾತ್ರೆಗಳ ಪ್ರಮಾಣವನ್ನು ಅವರು ಮತ್ತೊಮ್ಮೆ ನೋಡಬೇಕಾಗುತ್ತದೆ. ನಿದ್ರೆಯ ಮಾತ್ರೆ ಕೊಡುತ್ತಿದ್ದರೆ ಅದನ್ನೂ ತಪ್ಪದೆ ಹೇಳಿ, ಆದರೆ ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ. ಕಣ್ಣು, ವಿಟಮಿನ್ ಡಿ, ಬಿ12, ಕಾಲಬೆರಳ ಉಗುರು, ಪಾದದ ಜೋಮು ಎಲ್ಲ ಒಂದೇ ಸಲ ನೋಡಿಸಿ. ನಿಂತಾಗ ತೊಡೆಸಂದಿಯಲ್ಲಿ ನೋವು ಎಂದರೆ ಮತ್ತೆ ಎಕ್ಸ್‌ರೇ ಬೇಕು, ಮೊದಲ ಎಕ್ಸ್‌ರೇಯಲ್ಲಿ ಕಾಣದ ಬಿರುಕು ಇರುವುದುಂಟು.

ಆಮೇಲೆ ಕುರ್ಚಿ. ಜಗಲಿಯಲ್ಲಿ ಬಟ್ಟೆಯ ಈಸಿ ಚೇರ್ ಇದ್ದರೆ ಅದನ್ನು ಬೇರೆಯವರಿಗೆ ಬಿಟ್ಟುಕೊಡಿ. ಅದರಲ್ಲಿ ಕೂತರೆ ಸೊಂಟ ಮೊಣಕಾಲಿಗಿಂತ ಕೆಳಗೆ ಹೋಗುತ್ತದೆ, ಗಟ್ಟಿ ಇದ್ದವರಿಗೂ ಏಳುವುದು ಕಷ್ಟ. ಕೈ ಇರುವ ಗಟ್ಟಿ ಮರದ ಕುರ್ಚಿ ಒಳ್ಳೆಯದು. ಕೂತಾಗ ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಬೇಕು, ಸೊಂಟ ಮೊಣಕಾಲಿಗಿಂತ ಒಂದು ಚೂರು ಮೇಲೆ ಇರಬೇಕು. ಮಂಚಕ್ಕೂ ಇದೇ ಅಳತೆ. ತಗ್ಗಾಗಿದ್ದರೆ ಆಚಾರಿಯವರಿಂದ ಕಾಲಿಗೆ ಗುಳಿ ತೋಡಿದ ಮರದ ತುಂಡು ಮಾಡಿಸಿ ಕೂರಿಸಿ, ಇಟ್ಟಿಗೆ ಇಡಬೇಡಿ, ಜಾರುತ್ತದೆ.

ಏಳಿಸುವ ಕ್ರಮವನ್ನು ನಿಧಾನಕ್ಕೆ ಓದಿ, ಎಲ್ಲ ಇರುವುದು ಇದರಲ್ಲೇ. ಅತ್ತೆ ಕುರ್ಚಿಯ ಅಂಚಿಗೆ ಸರಿದು ಬರಲಿ. ಪಾದಗಳು ಮೊಣಕಾಲಿಗಿಂತ ಸ್ವಲ್ಪ ಹಿಂದೆ ಇರಲಿ. ಎರಡೂ ಕೈ ಕುರ್ಚಿಯ ಕೈಗಳ ಮೇಲೆ. ಮೂಗು ಕಾಲಬೆರಳಿನ ನೇರಕ್ಕೆ ಬರುವಷ್ಟು ಮುಂದಕ್ಕೆ ಬಾಗಲಿ. ಆಮೇಲೆ ಕೈ ಒತ್ತಿ ಏಳಲಿ. ನೀವು "ಏಳಿ ಅತ್ತೆ" ಎಂದು ಹೇಳಿ ಮನಸ್ಸಿನಲ್ಲೇ ಹತ್ತು ಎಣಿಸಿ. ಹತ್ತು ಬಹಳ ಉದ್ದ ಎಂದು ಕಾಣುತ್ತದೆ, ಕೈ ತಾನಾಗಿ ಮುಂದೆ ಹೋಗುತ್ತದೆ. ಹಿಡಿದಿಟ್ಟುಕೊಳ್ಳಿ. ಆಗಲಿಲ್ಲ ಎಂದರೆ ಮೊದಲು ಮಾತಿನಲ್ಲಿ ಹೇಳಿ, "ಇನ್ನೂ ಸ್ವಲ್ಪ ಮುಂದೆ ಬಾಗಿ." ಅದಕ್ಕೂ ಆಗದಿದ್ದರೆ ಬೆನ್ನಿನ ಮೇಲೆ ಕೈಯಿಟ್ಟು ದಿಕ್ಕು ತೋರಿಸಿ. ಕೊನೆಗೆ ಸೊಂಟದ ಹತ್ತಿರ ಹಿಡಿದು ಬೇಕಾದಷ್ಟೇ ಬಲ ಕೊಡಿ. ಕಂಕುಳಿಗೆ ಕೈ ಹಾಕಿ ಎತ್ತಲೇಬೇಡಿ, ಭುಜದ ಕೀಲಿಗೆ ಪೆಟ್ಟು. ಮುಂದೆ ನಿಂತು ಎರಡು ಕೈ ಎಳೆಯುವುದೂ ಬೇಡ, ಅವರು ಹಿಂದಕ್ಕೆ ಜಗ್ಗುತ್ತಾರೆ. ಎದ್ದ ಮೇಲೆ ಒಂದು ನಿಮಿಷ ನಿಂತು, ತಲೆ ತಿರುಗುವುದಿಲ್ಲ ಎಂದು ನೋಡಿ ಹೊರಡಿ.

ನಡೆಸುವಾಗ ಇಬ್ಬರು ಎರಡು ಕಡೆ ಹಿಡಿಯುವುದನ್ನು ನಿಧಾನಕ್ಕೆ ಬಿಡಿಸಬೇಕು. ಇಬ್ಬರು ಹಿಡಿದರೆ ಅವರು ನಿಮ್ಮ ಮೇಲೆ ನೇತಾಡುತ್ತಾರೆ, ಕಾಲಿನ ಮೇಲೆ ಭಾರ ಬೀಳುವುದಿಲ್ಲ. ಒಬ್ಬರು ಸೋತ ಕಾಲಿನ ಬದಿಗೆ, ಅರ್ಧ ಹೆಜ್ಜೆ ಹಿಂದೆ ನಿಂತು ಸೊಂಟದ ಹತ್ತಿರ ಕೈಯಿಟ್ಟುಕೊಳ್ಳಿ. ಮೊದಮೊದಲು ಇನ್ನೊಬ್ಬರು ಕುರ್ಚಿ ಹಿಡಿದು ಹಿಂದೆ ಬರಲಿ. ವಾಕರ್ ಕೊಡುವುದಾದರೆ ಕೈ ಇಳಿಬಿಟ್ಟು ನಿಂತಾಗ ಮಣಿಕಟ್ಟಿನ ಗೆರೆಯ ಎತ್ತರಕ್ಕೆ ಅದರ ಹಿಡಿ ಬರಬೇಕು. ಸಡಿಲ ಹವಾಯಿ ಚಪ್ಪಲಿ ಬೇಡ, ಟೈಲ್ಸ್ ಮೇಲೆ ಕಾಲುಚೀಲವೂ ಬೇಡ. ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ ಇರಲಿ.

ಎಷ್ಟು ಮಾಡಿಸಬೇಕು? ಮೊದಲ ವಾರ ನಡಿಗೆಯ ಚಿಂತೆ ಬೇಡ. ಬೆಳಗ್ಗಿನ ಕಾಫಿಗೆ ಮೊದಲು, ಮಧ್ಯಾಹ್ನದ ಊಟಕ್ಕೆ ಮೊದಲು, ಸಂಜೆ ದೀಪ ಹಚ್ಚುವ ಮೊದಲು ಐದೈದು ಸಲ ಕುರ್ಚಿಯಿಂದ ಎದ್ದು ಕೂರಲಿ. ಎರಡನೆಯ ವಾರ ಕಾಫಿ ಮಂಚದ ಹತ್ತಿರ ಬರುವುದು ಬೇಡ, ಅತ್ತೆಯೇ ಅಡುಗೆಮನೆಗೆ ಹೋಗಲಿ. ಅಲ್ಲಿ ಕೂತು ಅಲಸಂಡೆ ಮುರಿಯಲಿ, ಬೆಳ್ಳುಳ್ಳಿ ಸುಲಿಯಲಿ, ಸೀರೆ ಮಡಚಲಿ. ಆಮೇಲೆ ಜಗಲಿ. ಈಗ ಸುಗ್ಗಿ ತಿಂಗಳು (ಮಾರ್ಚ್-ಏಪ್ರಿಲ್), ಅಂಗಳ ಒಣಗಿದೆ. ಪತ್ತನಾಜೆಗೆ, ಅಂದರೆ ಮೇ 24ರ ಹೊತ್ತಿಗೆ, ಒಬ್ಬರ ಜೊತೆಯಲ್ಲಿ ತುಳಸಿಕಟ್ಟೆಯವರೆಗೆ ಹೋಗಿ ಬರಬೇಕು ಎಂದು ಇಟ್ಟುಕೊಳ್ಳಿ. ಇದು ಎಲ್ಲರಿಗೂ ಆಗುತ್ತದೆ ಎಂದು ನಾನು ಮಾತು ಕೊಡಲಾರೆ. ಆದರೆ ಪ್ರಯತ್ನಕ್ಕೆ 81 ಜಾಸ್ತಿ ಪ್ರಾಯ ಅಲ್ಲವೇ ಅಲ್ಲ. 1990ರಲ್ಲಿ ಬಾಸ್ಟನ್ನಿನ ಒಂದು ಆಶ್ರಮದಲ್ಲಿ ಸರಾಸರಿ 90 ವರ್ಷದವರಿಗೆ 8 ವಾರ ಕಾಲಿನ ವ್ಯಾಯಾಮ ಮಾಡಿಸಿದರು. ಕಾಲಿನ ಬಲ ಎರಡೂವರೆ ಪಟ್ಟು ದಾಟಿತು. ಇಬ್ಬರು ಕೋಲು ಬಿಟ್ಟು ನಡೆದರು.

ಮಳೆ ಹಿಡಿಯುವ ಮೊದಲು ಅಂಗಳದ ಪಾಚಿಯನ್ನು ಕೆರೆದು ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸಿ. ಜಗಲಿಯಿಂದ ತುಳಸಿಕಟ್ಟೆಯವರೆಗೆ ಒಂದು ಕೈಹಿಡಿ ಕಟ್ಟಿಸಿ. ಕಬ್ಬಿಣವೇ ಬೇಕೆಂದಿಲ್ಲ. ಕುಂಬಳೆ ಕಡೆ ಒಂದು ಮನೆಯಲ್ಲಿ ಬಿದ್ದ ಅಡಕೆ ಮರವನ್ನೇ ಸೀಳಿ, ಚೆನ್ನಾಗಿ ನಯ ಮಾಡಿ, ಗೂಟಕ್ಕೆ ಕಟ್ಟಿದ್ದರು. ಅಲ್ಲಿಯ ಅಜ್ಜ ಅದನ್ನು ಹಿಡಿದು ಹಟ್ಟಿಗೆ ಹೋಗಿ ದನದ ಬೆನ್ನು ಸವರಿ ಬರುತ್ತಿದ್ದರು. ಜಡಿಮಳೆಯ ದಿನ ಅಂಗಳ ಬೇಡ, ಜಗಲಿಯ ಉದ್ದಕ್ಕೆ ನಾಲ್ಕು ಸಲ ನಡೆದರೆ ಆಯಿತು. ಬಚ್ಚಲಿನಲ್ಲಿ ಗೋಡೆಗೆ ಒಂದು ಹಿಡಿಕೆ, ರಾತ್ರಿ ಒಂದು ಸಣ್ಣ ದೀಪ.

ಊಟದ ಬಗ್ಗೆ ಒಂದು ಮಾತು. ಕೂತಲ್ಲೇ ಇದ್ದವರಿಗೆ ಗಂಜಿ, ಉಪ್ಪಿನಕಾಯಿ ಸಾಕು ಎಂದು ಕಾಣುತ್ತದೆ. ಅದರಲ್ಲಿ ಕಾಲು ಕಟ್ಟುವ ಸತ್ವ ಬಹಳ ಕಡಿಮೆ. ಹಿರಿಯರಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು. 45 ಕಿಲೋ ಇದ್ದರೆ 45ರಿಂದ 54 ಗ್ರಾಂ. ಗಂಜಿಯ ಜೊತೆ ಹೆಸರುಕಾಳಿನ ಪಲ್ಯ, ಗಟ್ಟಿ ಮೊಸರು, ತಿನ್ನುವವರಾದರೆ ಮೊಟ್ಟೆ, ಮೀನು ಇರಲಿ. ಕಿಡ್ನಿ ತೊಂದರೆ ಇದ್ದರೆ ಮಾತ್ರ ಡಾಕ್ಟರಲ್ಲಿ ಕೇಳಿ. ರಾತ್ರಿ ಏಳಿಸಬೇಕಾಗುತ್ತದೆ ಎಂದು ಹಗಲು ನೀರು ಕಡಿಮೆ ಕೊಡುವುದನ್ನು, ಅನುಕೂಲಕ್ಕೆಂದು ಡೈಪರ್ ಹಾಕುವುದನ್ನು ನಾನು ಬಹಳ ಮನೆಗಳಲ್ಲಿ ನೋಡಿದ್ದೇನೆ. ನಿಮ್ಮಲ್ಲಿ ಹಾಗಿದ್ದರೆ ಹಗಲಿನ ಡೈಪರ್ ಬಿಡಿ. ಎರಡು ಗಂಟೆಗೊಮ್ಮೆ ಬಚ್ಚಲಿಗೆ ನಡೆದು ಹೋಗುವುದೇ ದೊಡ್ಡ ವ್ಯಾಯಾಮ.

ಮತ್ತೆ ಬಿದ್ದರೆ ಎಂದು ಕೇಳುತ್ತೀರಿ. ಬೀಳಬಹುದು. ಅದನ್ನು ಮುಚ್ಚಿಡುವುದಿಲ್ಲ. ಆದರೆ ಕಾಲು ಬತ್ತಿದವರು ಮಂಚದಿಂದ ಇಳಿಯುವಾಗಲೂ ಬೀಳುತ್ತಾರೆ, ಮಲಗಿಯೇ ಇದ್ದವರಿಗೆ ಬೆನ್ನು ಹುಣ್ಣು, ಮಲಬದ್ಧತೆ, ಕಫ ಕಟ್ಟುವುದು ಬೇರೆ. ಎರಡು ಕಡೆಯ ಅಪಾಯವನ್ನೂ ಅತ್ತೆಯ ಮುಂದಿಟ್ಟು ಅವರನ್ನೇ ಕೇಳಿ. ಇಷ್ಟು ದಿನದಲ್ಲಿ ಅವರಿಗೆ ಏನು ಬೇಕು ಎಂದು ಯಾರಾದರೂ ಕೇಳಿದ್ದೀರಾ? ತುಳಸಿಗೆ ನೀರು ಹಾಕುವ ಆಸೆ ಇನ್ನೂ ಇದ್ದರೆ ನಿಮ್ಮ ಅರ್ಧ ಕೆಲಸ ಅದೇ ಮಾಡುತ್ತದೆ.

ನಮ್ಮ ಕೇರಳದಲ್ಲಿ 2008ರಿಂದ ಪಾಲಿಯೇಟಿವ್ ಆರೈಕೆಗೆ, ಅಂದರೆ ದೀರ್ಘ ಕಾಯಿಲೆಯವರ, ಹಾಸಿಗೆ ಹಿಡಿದವರ ಆರೈಕೆಗೆ, ಸರಕಾರದ ನೀತಿ ಇದೆ, ಪಂಚಾಯತಿನ ಪಾಲಿಯೇಟಿವ್ ನರ್ಸ್ ಮನೆಗೆ ಬರುತ್ತಾರೆ. ನಿಮ್ಮ ವಾರ್ಡಿನ ಆಶಾ ಕಾರ್ಯಕರ್ತೆಗೆ ಹೇಳಿ ಹೆಸರು ಬರೆಸಿ, ಮನೆಗೆ ಫಿಸಿಯೋಥೆರಪಿ ಸಿಗುತ್ತದಾ ಎಂದೂ ವಿಚಾರಿಸಿ. ಹಿರಿಯರ ಸಹಾಯವಾಣಿ 14567. ನಡೆಸಲು ಶುರು ಮಾಡಿದ ಮೇಲೆ ಎದೆನೋವು, ವಿಪರೀತ ಏದುಸಿರು, ಒಂದೇ ಕಾಲು ಊದುವುದು, ದಿಢೀರನೆ ಗೊಂದಲದ ಮಾತು, ನಿನ್ನೆ ನಿಂತವರು ಇವತ್ತು ನಿಲ್ಲಲಾಗದಿರುವುದು ಇವುಗಳಲ್ಲಿ ಏನು ಕಂಡರೂ ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಮಂಚದ ಹತ್ತಿರ ಒಂದು ಕ್ಯಾಲೆಂಡರ್ ತೂಗುಹಾಕಿ. ಅತ್ತೆ ಯಾರ ಕೈಯೂ ತಾಗದೆ ಎಷ್ಟು ಸಲ ಎದ್ದರು ಎಂದು ದಿನಾ ಅದರಲ್ಲಿ ಬರೆಯಿರಿ. ಮೊದಲ ದಿನ ಸೊನ್ನೆ ಇದ್ದರೂ ಬರೆಯಿರಿ. ಒಂದು ತಿಂಗಳಾದ ಮೇಲೆ ಆ ಹಾಳೆಯ ಫೋಟೋ ತೆಗೆದು ನನಗೆ ಕಳುಹಿಸಿ, ಮುಂದಿನದ್ದನ್ನು ಅದನ್ನು ನೋಡಿ ಹೇಳುತ್ತೇನೆ.